ಪಡಿತರ ಚೀಟಿ ಬದಲಾದರೆ ಚಿಕಿತ್ಸೆ ನಿಲ್ಲಬೇಕೆ?

ಪ್ರಶ್ನೆ: ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸಂಜೀವಿನಿ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಬರೆಯುತ್ತೇನೆ. ನಮ್ಮ ಸಂಘದ ಸದಸ್ಯೆಯೊಬ್ಬರಿಗೆ ಸ್ತನ ಕ್ಯಾನ್ಸರ್. ಆಯುಷ್ಮಾನ್ ಕಾರ್ಡಿನಲ್ಲಿ ಮೂರು ಸುತ್ತು ಕೀಮೋ ಆಗಿದೆ. ನಾಲ್ಕನೆಯದಕ್ಕೆ ಹೋದಾಗ ‘ನಿಮ್ಮ ರೇಷನ್ ಕಾರ್ಡ್ ಎಪಿಎಲ್ ಆಗಿದೆ, ಹಣ ಕಟ್ಟಬೇಕು’ ಎಂದರಂತೆ. ಅವರ ಮಗ ಗೂಡ್ಸ್ ಆಟೊ ಸಾಲಕ್ಕಾಗಿ ಒಮ್ಮೆ ಆದಾಯ ತೆರಿಗೆ ರಿಟರ್ನ್ ಹಾಕಿಸಿದ್ದ, ಅದಕ್ಕೇ ಹೀಗಾಗಿದೆ ಎನ್ನುತ್ತಾರೆ. ಊರಿನಲ್ಲಿ ಇನ್ನೂ ಕೆಲವರ ಕಾರ್ಡು ಹೋಗಿದೆ, ಯಾರ ಯಾರದು ಎಂದು ಅವರಿಗೇ ತಿಳಿದಿಲ್ಲ. ನಾವು ಹೆಣ್ಣುಮಕ್ಕಳು ಸೇರಿ ಏನು ಮಾಡಬಹುದು? ಬಿಪಿಎಲ್ ಇದ್ದವರೂ ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಕಾರ್ಡು ಮಾಡಿಸಬೇಕೆ?

ಉತ್ತರ: ಮೊದಲು ಆ ತಾಯಿಯ ವಿಷಯ ನೋಡೋಣ, ಊರಿನದು ಆಮೇಲೆ. ಕೀಮೋದ ಎರಡು ಸುತ್ತುಗಳ ನಡುವೆ ಸಾಮಾನ್ಯವಾಗಿ ಮೂರು ವಾರ ಅಂತರ ಇರುತ್ತದೆ. ತಾಲ್ಲೂಕು ಕಚೇರಿಯ ಕಡತಕ್ಕೆ ಮೂರು ವಾರ ಏನೇನೂ ಅಲ್ಲ. ಕಾರ್ಡು ಸರಿಯಾಗಲಿ, ಆಮೇಲೆ ಹೋದರಾಯಿತು ಎಂದು ಮನೆಯವರು ಕುಳಿತಿದ್ದರೆ ಮೊದಲು ಅವರನ್ನು ಎಬ್ಬಿಸಿ. ಕಡತದ ದಾರಿ ಬೇರೆ, ಕೀಮೋದ ದಾರಿ ಬೇರೆ. ಎರಡೂ ಒಟ್ಟಿಗೆ ನಡೆಯಬೇಕು.

ಮೂರು ಸುತ್ತು ಉಚಿತವಾಗಿ ಆದದ್ದು ನಾಲ್ಕನೆಯದಕ್ಕೆ ಏಕೆ ನಿಂತಿತು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ನಮ್ಮಲ್ಲಿ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಕೀಮೋದಲ್ಲಿ ಪ್ರತಿ ಸುತ್ತಿಗೂ ಟ್ರಸ್ಟಿನಿಂದ ಬೇರೆಯೇ ಪೂರ್ವಾನುಮತಿ ಬೇಕು. ಪ್ರತಿ ಸಲ ಆಸ್ಪತ್ರೆಯ ಆರೋಗ್ಯ ಮಿತ್ರರು ಪಡಿತರ ಚೀಟಿಯ ಸಂಖ್ಯೆ ಹಾಕಿ ನೋಡುತ್ತಾರೆ. ಅಂದು ಆಹಾರ ಇಲಾಖೆಯ ದಾಖಲೆಯಲ್ಲಿ ಆ ಕುಟುಂಬ ಅಂತ್ಯೋದಯ ಅಥವಾ ಆದ್ಯತಾ ವರ್ಗದಲ್ಲಿದ್ದರೆ, ಅಂದರೆ ನಾವು ಬಿಪಿಎಲ್ ಎನ್ನುವವರಾಗಿದ್ದರೆ, ವರ್ಷಕ್ಕೆ ಇಡೀ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಆದ್ಯತೇತರ, ಅಂದರೆ ನಾವು ಎಪಿಎಲ್ ಎನ್ನುವ ವರ್ಗಕ್ಕೆ ಜಾರಿದ್ದರೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಪರ್ಸಿನಲ್ಲಿರುವ ಆಯುಷ್ಮಾನ್ ಕಾರ್ಡು ಹಳೆಯದೇ, ಫೋಟೊ ಹಳೆಯದೇ, ಬದಲಾದದ್ದು ಅಕ್ಕಿ ಕೊಡುವ ಇಲಾಖೆಯ ಕಂಪ್ಯೂಟರಿನ ಒಂದು ಸಾಲು. ಯಶಸ್ವಿನಿಯ ಕಾಲದಿಂದ ಆಸ್ಪತ್ರೆಯ ಯೋಜನಾ ಕೌಂಟರಿನ ಹಿಂದೆ ಕುಳಿತವನು ನಾನು. ನನ್ನ ಮುಂದೆ ಅತ್ತವರಲ್ಲಿ ಅರ್ಧಕ್ಕರ್ಧ ಜನರಿಗೆ ಈ ಒಂದು ಕೊಂಡಿ ಗೊತ್ತಿರಲಿಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ‘ಹಣ ಕಟ್ಟಬೇಕು’ ಎಂದರಲ್ಲ, ಎಷ್ಟು? ಯಾವ ಲೆಕ್ಕದಲ್ಲಿ? ಎಪಿಎಲ್ ಆದರೂ ಅವರು ಯೋಜನೆಯಿಂದ ಹೊರಗೆ ಬಿದ್ದಿಲ್ಲ. ಲೆಕ್ಕಕ್ಕೆಂದು ಒಂದು ಸುತ್ತಿನ ಪ್ಯಾಕೇಜ್ ದರ 20,000 ರೂಪಾಯಿ ಎಂದುಕೊಳ್ಳಿ. ಸರ್ಕಾರದ ಪಾಲು 6,000, ಮನೆಯವರದು 14,000. ಆಸ್ಪತ್ರೆ ತನ್ನ ಮಾಮೂಲಿ ದರಪಟ್ಟಿ ಹಿಡಿದು 40,000 ಕೇಳುತ್ತಿದ್ದರೆ ಅದು ಯೋಜನೆಯ ಲೆಕ್ಕವಲ್ಲ. ಆರೋಗ್ಯ ಮಿತ್ರರ ಎದುರು ನಿಂತು ‘ಎಪಿಎಲ್ ವರ್ಗದಲ್ಲೇ ಅನುಮತಿಗೆ ಹಾಕಿ’ ಎಂದು ಕೇಳಿ. ಅವರು ಸಿಗದಿದ್ದರೆ 14555ಕ್ಕೆ ಅಥವಾ 104ಕ್ಕೆ ಕರೆ ಮಾಡಿ, ಕರೆಯ ದೂರು ಸಂಖ್ಯೆಯನ್ನು ಚೀಟಿಯ ಹಿಂದೆ ಬರೆದುಕೊಳ್ಳಿ.

ಆ 14,000ವೂ ಆಗದ ಮನೆಯಾದರೆ ವೈದ್ಯರಿಂದ ಚಿಕಿತ್ಸೆಯ ಸಾರಾಂಶ ಬರೆಸಿಕೊಳ್ಳಿ. ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟನೆಯ ಸುತ್ತು, ಬಯಾಪ್ಸಿ ವರದಿ ಎಲ್ಲವೂ ಅದರಲ್ಲಿರಬೇಕು. ಅದನ್ನು ಹಿಡಿದು ಸರ್ಕಾರಿ ವ್ಯವಸ್ಥೆಗೆ ಹೋಗಬಹುದು. ನಿಮ್ಮ ಕಡೆಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ದೂರವಾದರೂ ಕ್ಯಾನ್ಸರಿಗೆಂದೇ ಇರುವುದು ಬೆಂಗಳೂರಿನ ಕಿದ್ವಾಯಿ. ಸಾರಾಂಶ ಇಲ್ಲದೆ ಹೋದರೆ ಅಲ್ಲಿ ಎಲ್ಲ ಪರೀಕ್ಷೆಗಳೂ ಮೊದಲಿನಿಂದ ಶುರುವಾಗಿ ವಾರಗಳು ಕಳೆಯುತ್ತವೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರದೊಂದಿಗೆ ಅರ್ಜಿ ಹಾಕಿ, ತಪ್ಪಿಲ್ಲ. ಆದರೆ ಅದನ್ನೇ ನೆಚ್ಚಿ ಸುತ್ತು ಮುಂದೂಡಬೇಡಿ.

ಇನ್ನು ತಾಲ್ಲೂಕು ಕಚೇರಿ. ರಿಟರ್ನ್ ವಿಚಾರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಹಳ್ಳಿಗಳಲ್ಲಿ ಈಗ ಎಲ್ಲರೂ ಎಡವುತ್ತಿರುವುದು ಇಲ್ಲೇ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಕಾರ್ಡುಗಳ ರದ್ದತಿ ದೊಡ್ಡ ಗಲಾಟೆಯಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಲಾಗುವುದು ಎಂದು ಸರ್ಕಾರವೇ ಹೇಳಿತು. ತೆರಿಗೆ ಕಟ್ಟುವುದು ಬೇರೆ, ರಿಟರ್ನ್ ಹಾಕುವುದು ಬೇರೆ. ವಾಹನ ಸಾಲ ಬೇಕೆಂದರೆ ಫೈನಾನ್ಸಿನವರು ರಿಟರ್ನ್ ಕೇಳುತ್ತಾರೆ. ಪೇಟೆಯಲ್ಲಿ ರಿಟರ್ನ್ ತುಂಬಿಕೊಡುವವರು ಸಾವಿರ ರೂಪಾಯಿ ತೆಗೆದುಕೊಂಡು, ತೆರಿಗೆ ಬೀಳದಂತೆ ಆದರೆ ಸಾಲ ಸಿಗುವಂತೆ ಎರಡೂಮುಕ್ಕಾಲು ಲಕ್ಷವೋ ಮೂರು ಲಕ್ಷವೋ ಆದಾಯ ತೋರಿಸುತ್ತಾರೆ. ಕಟ್ಟಿದ ತೆರಿಗೆ ಸೊನ್ನೆ. ಹುಡುಗ ಆ ಕಾಗದವನ್ನು ತಿರುಗಿಯೂ ನೋಡಿರುವುದಿಲ್ಲ.

ಆದ್ದರಿಂದ ಅರ್ಜಿಯ ಜೊತೆ ಆ ರಿಟರ್ನಿನ ಸ್ವೀಕೃತಿಯ ಪ್ರತಿ ಇಡಿ, ತೆರಿಗೆ ಸೊನ್ನೆ ಎಂಬ ಸಾಲಿಗೆ ಗೆರೆ ಎಳೆಯಿರಿ. ಇಲ್ಲೊಂದು ಎಚ್ಚರಿಕೆ ಬೇಕು. ಆದ್ಯತಾ ಕಾರ್ಡಿನ ಆದಾಯ ಮಿತಿ ಕುಟುಂಬಕ್ಕೆ ವರ್ಷಕ್ಕೆ 1.2 ಲಕ್ಷ. ನಾಡಕಚೇರಿಯ ಆದಾಯ ಪ್ರಮಾಣಪತ್ರ 48,000 ಎನ್ನುತ್ತದೆ, ರಿಟರ್ನ್ ಮೂರು ಲಕ್ಷ ಎನ್ನುತ್ತದೆ. ಈ ಎರಡು ಕಾಗದಗಳು ಒಂದೇ ಕಡತದಲ್ಲಿ ಸೇರಿದಾಗ ಆಹಾರ ನಿರೀಕ್ಷಕರು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧವಿರಲಿ: ಆಟೊದ ದುಡಿಮೆ ಎಷ್ಟು, ತಿಂಗಳ ಕಂತು ಎಷ್ಟು, ಡೀಸೆಲ್ ಎಷ್ಟು. ಸಾಲದ ಕಂತಿನ ಪಟ್ಟಿ ಇದ್ದರೆ ಅದೂ ಇರಲಿ. ಬಿಳಿ ಫಲಕದ ಕಾರು ಇದ್ದರೆ ಕಾರ್ಡು ಹೋಗುತ್ತದೆ ನಿಜ, ಆದರೆ ಹೊಟ್ಟೆಪಾಡಿಗೆ ಓಡಿಸುವ ಹಳದಿ ಫಲಕದ ವಾಹನ ಆ ಲೆಕ್ಕಕ್ಕೆ ಬರುವುದಿಲ್ಲ. ‘ನಾಲ್ಕು ಗಾಲಿ ಇದೆಯಲ್ಲ’ ಎಂದು ಯಾರಾದರೂ ತಳ್ಳಿಹಾಕಿದರೆ ಇದನ್ನು ನೆನಪಿಸಿ.

ಮಗ ಮದುವೆಯಾಗಿ ಬೇರೆ ಒಲೆ ಹೂಡಿದ್ದಾನೆಯೇ? ಹಾಗಿದ್ದರೆ ತಾಯಿಯ ಕಾರ್ಡಿನಿಂದ ಅವನ ಹೆಸರು ತೆಗೆಸುವುದು ನೇರವಾದ ದಾರಿ. ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಇದ್ದು ಕಾಗದದ ಮೇಲೆ ಮಾತ್ರ ಬೇರೆಯಾಗುವ ಸಲಹೆಯನ್ನು ಊರಿನ ಜಾಣರು ಕೊಡುತ್ತಾರೆ. ನಾನು ಕೊಡುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬಂದ ದಿನ ಅದು ಬಯಲಾದರೆ, ಆಗ ನಿಜವಾದ ಅರ್ಜಿಗೂ ಬೆಲೆ ಇರುವುದಿಲ್ಲ.

ಅರ್ಜಿ ತಹಶೀಲ್ದಾರರ ಹೆಸರಿಗೆ, ಆಹಾರ ಶಾಖೆಗೆ. ಮೊದಲ ವಾಕ್ಯದಲ್ಲೇ ರೋಗಿಯ ಹೆಸರು, ಕಾಯಿಲೆ, ಮುಂದಿನ ಕೀಮೋ ದಿನಾಂಕ ಬರಲಿ. ‘ಮಾನ್ಯರೇ, ನಾವು ಬಡವರು’ ಎಂದು ಒಂದು ಪುಟ ಬರೆದು ಕಾಯಿಲೆಯನ್ನು ಕೊನೆಯಲ್ಲಿ ಹೇಳುವ ಅರ್ಜಿಗಳನ್ನು ಎಷ್ಟೋ ನೋಡಿದ್ದೇನೆ. ಆ ಪುಟವನ್ನು ಯಾರೂ ಪೂರ್ತಿ ಓದುವುದಿಲ್ಲ. ಹೊಸ ಆದ್ಯತಾ ಕಾರ್ಡಿನ ಅರ್ಜಿ ಬಹುಕಾಲ ಮುಚ್ಚಿರುತ್ತದೆ, ಆದರೆ ವೈದ್ಯಕೀಯ ತುರ್ತಿನ ಅರ್ಜಿಗಳನ್ನು ಬೇರೆಯಾಗಿ ಪರಿಗಣಿಸುವುದುಂಟು. ಅದಕ್ಕೇ ಆಸ್ಪತ್ರೆಯ ಪತ್ರ ಎಲ್ಲಕ್ಕಿಂತ ಮೇಲಿರಲಿ. ಕಾರ್ಡಿನ ವರ್ಗ ಬದಲಾಯಿಸಿದ ಕಾರಣವನ್ನು ಬರಹದಲ್ಲಿ ಕೇಳಿ. ಸ್ವೀಕೃತಿ ಮುದ್ರೆ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ಮಾತಿಗೆ ಮಾತು ಬಂದಿದ್ದರಿಂದ ಹೇಳುತ್ತೇನೆ: ಈ 1.2 ಲಕ್ಷದ ಮಿತಿಯೇ ಈಗ ನಗೆಪಾಟಲಾಗಿದೆ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಹೆಂಡತಿ ಇಬ್ಬರೂ ಅದೇ ದರದಲ್ಲಿ ವರ್ಷಕ್ಕೆ ಇನ್ನೂರು ದಿನ ಎಲ್ಲಾದರೂ ಕೂಲಿ ಮಾಡಿದರೆ 1,48,000 ಆಗುತ್ತದೆ. ಸರ್ಕಾರ ತಾನೇ ಗೊತ್ತುಮಾಡಿದ ಕೂಲಿಯಲ್ಲಿ ದುಡಿದವರು ಸರ್ಕಾರದ ಇನ್ನೊಂದು ಲೆಕ್ಕದಲ್ಲಿ ಬಡವರಲ್ಲ. ಇದನ್ನು ಗ್ರಾಮಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಿ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕುಳಿತ ಗುಮಾಸ್ತೆಯ ಜೊತೆ ಇದಕ್ಕೆ ಜಗಳವಾಡಿದರೆ ನಿಮ್ಮ ದಿನ ಹಾಳು, ಅಷ್ಟೇ.

ಈಗ ಊರಿನ ವಿಷಯ. ಕಾರ್ಡು ಹೋದದ್ದು ಜನರಿಗೆ ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ಕೆಟ್ಟ ಸಂಗತಿ. ಎದೆನೋವಿನ ರೋಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಿಂತ ಮಗನಿಗೆ ‘ನಿಮ್ಮದು ಆದ್ಯತೇತರ’ ಎಂದು ಹೇಳುವ ಕೆಲಸ ನಾನೂ ಮಾಡಿದ್ದೇನೆ. ಅದೇ ಮಾತು ಆರು ತಿಂಗಳ ಮೊದಲು ನ್ಯಾಯಬೆಲೆ ಅಂಗಡಿಯ ಕಟ್ಟೆಯ ಮೇಲೆ ತಿಳಿದಿದ್ದರೆ ಅರ್ಧ ದಿನದ ಕೆಲಸವಾಗುತ್ತಿತ್ತು. ನಿಮ್ಮ ಒಕ್ಕೂಟ ಮಾಡಬಹುದಾದ ದೊಡ್ಡ ಉಪಕಾರ ಈ ಸುದ್ದಿಯನ್ನು ಆಸ್ಪತ್ರೆಯಿಂದ ಊರಿಗೆ ತರುವುದು.

ಪಡಿತರ ಹಂಚುವ ದಿನಗಳಲ್ಲಿ ಇಬ್ಬರು ಸದಸ್ಯೆಯರು ಅಂಗಡಿಯ ಬಳಿ ಒಂದು ನೋಟ್‌ಬುಕ್ ಹಿಡಿದು ಕುಳಿತರೆ ಸಾಕು. ಪ್ರತಿ ಮನೆಯ ಯಜಮಾನಿಯ ಹೆಸರು, ಕಾರ್ಡಿನ ಈಗಿನ ವರ್ಗ, ಯಾರ ಇ-ಕೆವೈಸಿ (ಬೆರಳಚ್ಚು ಕೊಟ್ಟು ಗುರುತು ಖಚಿತಪಡಿಸುವುದು) ಬಾಕಿ, ಮನೆಯಲ್ಲಿ ನಡೆಯುತ್ತಿರುವ ಚಿಕಿತ್ಸೆ ಇದೆಯೇ ಎಂದು ಬರೆದುಕೊಳ್ಳಿ. ಚಿಕಿತ್ಸೆ ಇದೆ ಅಥವಾ ಇಲ್ಲ ಎಂದಷ್ಟೇ ಬರೆಯಿರಿ, ಕಾಯಿಲೆಯ ಹೆಸರು ಬೇಡ. ಕ್ಷಯವೋ ಮನೋರೋಗವೋ ಇರುವ ಮನೆಯ ಗುಟ್ಟು ಕಟ್ಟೆಯ ಮೇಲೆ ತೆರೆದಿಟ್ಟ ಪುಸ್ತಕದಲ್ಲಿರಬಾರದು, ಆಶಾ ಕಾರ್ಯಕರ್ತೆಗೆ ಅದು ಹೇಗೂ ಗೊತ್ತಿರುತ್ತದೆ. ಆಧಾರ್ ಸಂಖ್ಯೆಯನ್ನೂ ಬರೆದುಕೊಳ್ಳಬೇಡಿ. ಡಯಾಲಿಸಿಸ್, ಕ್ಯಾನ್ಸರ್, ಹೃದಯದ ಕಾಯಿಲೆ ಇರುವ ಮನೆಗಳನ್ನು ಆಶಾ ಅವರಿಂದ ಕೇಳಿ ಮೊದಲು ಪರಿಶೀಲಿಸಿ. ಅಂಗಡಿಗೆ ಬಾರದ ಮನೆಗಳೇ ಹೆಚ್ಚು ಅಪಾಯದಲ್ಲಿರುವವು. ಆರು ತಿಂಗಳು ಪಡಿತರ ಎತ್ತದ ಕಾರ್ಡಿನ ಮೇಲೂ ಇಲಾಖೆಗೆ ಅನುಮಾನ. ಇನ್ನೊಂದು ಸೂಚನೆ ಗೃಹಲಕ್ಷ್ಮಿ ಹಣ. ಎಪಿಎಲ್ ಮನೆಗೂ ಬರುವ ಆ ಹಣ ಇದ್ದಕ್ಕಿದ್ದಂತೆ ನಿಂತಿದ್ದರೆ ಯಾರದೋ ಹೆಸರು ತೆರಿಗೆ ಪಟ್ಟಿಯಲ್ಲಿ ಸೇರಿರಬಹುದು.

ಕಾರಣ ನೋಡಿದರೆ ಬಹಳಷ್ಟು ಸಣ್ಣವು. ಕಬ್ಬು ಕಡಿಯಲು ಮಂಡ್ಯಕ್ಕೆ ಹೋದ ಅಣ್ಣನ ಬೆರಳಚ್ಚು ಕೊಟ್ಟಿರುವುದಿಲ್ಲ. ಅವನು ಅಲ್ಲಿಯೇ ಯಾವುದಾದರೂ ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿ ಕೊಡಬಹುದು, ಇದಕ್ಕೆ ಶುಲ್ಕವಿಲ್ಲ. ಅಜ್ಜಿಯ ಬೆರಳು ಸವೆದು ಯಂತ್ರ ಒಪ್ಪುವುದಿಲ್ಲ, ಅದಕ್ಕೆ ಕಣ್ಣಿನ ಪಾಪೆಯ ಯಂತ್ರವಿರುವ ಅಂಗಡಿ ಹುಡುಕಬೇಕು. ಮಕ್ಕಳದ್ದು ಬೇರೆಯೇ ತೊಡಕು. ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಒಮ್ಮೆ ಆಧಾರ್‌ನಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಬೇಕು. ಕೊಡಿಸದಿದ್ದರೆ ಅಂಗಡಿಯ ಯಂತ್ರ ಎಷ್ಟು ಒತ್ತಿದರೂ ಕೆಂಪೇ ತೋರಿಸುತ್ತದೆ. ಜನ ಯಂತ್ರ ಕೆಟ್ಟಿದೆ ಎಂದುಕೊಂಡು ಮನೆಗೆ ಹೋಗುತ್ತಾರೆ.

ಜಮೀನಿನ ತೊಡಕು ಇಷ್ಟು ಸುಲಭದ್ದಲ್ಲ. ಮಿತಿ ಮೂರು ಹೆಕ್ಟೇರ್ ಒಣಭೂಮಿ, ಅಂದರೆ ಸುಮಾರು ಏಳೂವರೆ ಎಕರೆ. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷವಾದರೂ ಪೌತಿ ಖಾತೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗಿರುವುದಿಲ್ಲ, ನಾಲ್ವರು ಅಣ್ಣತಮ್ಮಂದಿರ ಹನ್ನೆರಡು ಎಕರೆ ಒಂದೇ ಪಹಣಿಯಲ್ಲಿ ಜಂಟಿಯಾಗಿರುತ್ತದೆ. ಒಬ್ಬೊಬ್ಬರಿಗೆ ಬರುವುದು ಮೂರೇ ಎಕರೆಯಾದರೂ ದಾಖಲೆಯಲ್ಲಿ ಕಾಣುವುದು ಹನ್ನೆರಡು. ಇಂಥ ಮನೆಗಳಿಗೆ ವಂಶವೃಕ್ಷ ಮಾಡಿಸಿ ಖಾತೆ ಬೇರೆ ಮಾಡಿಸಿಕೊಳ್ಳಲು ಈಗಲೇ ಹೇಳಿ. ಕಾಯಿಲೆ ಬಂದ ಮೇಲೆ ಆಗುವ ಕೆಲಸವಲ್ಲ ಅದು.

ಕಟ್ಟೆಯ ಮೇಲೆ ಕುಳಿತಾಗ ಯಾರಾದರೂ ‘ನಮ್ಮದು ಆಭಾ ಕಾರ್ಡು ಆಗಿದೆ, ಚಿಂತೆಯಿಲ್ಲ’ ಎಂದರೆ ತಿದ್ದಿ. ಆಭಾ ಎಂಬುದು ಹದಿನಾಲ್ಕು ಅಂಕಿಯ ಸಂಖ್ಯೆ, ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಇಡುವುದಕ್ಕೆ. ಅದರಿಂದ ಒಂದು ಪೈಸೆಯ ಚಿಕಿತ್ಸೆಯೂ ಸಿಗುವುದಿಲ್ಲ. ಆಯುಷ್ಮಾನ್, ಆಭಾ ಎರಡರ ಹೆಸರೂ ಹತ್ತಿರ, ಎರಡರ ಮೇಲೂ ಫೋಟೊ, ಜನ ಮೋಸಹೋಗುವುದು ಸಹಜ. ಶಿಬಿರದಲ್ಲಿ ಆಭಾ ಮಾಡಿಕೊಟ್ಟು ‘ಐದು ಲಕ್ಷದ ಕಾರ್ಡು’ ಎಂದು ಇನ್ನೂರು ರೂಪಾಯಿ ತೆಗೆದುಕೊಂಡ ಮಹಾನುಭಾವರನ್ನೂ ನಾನು ಕಂಡಿದ್ದೇನೆ.

ಊರಿಗೆ ಇನ್ನೊಂದು ಮಾತನ್ನೂ ತಿಳಿಸಿ. ತುರ್ತಲ್ಲದ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಆಗದು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯೋಜನೆಯ ಪಟ್ಟಿಯಲ್ಲಿ ತುರ್ತಿನವೆಂದು ಗುರುತಿಸಿದ ಚಿಕಿತ್ಸೆಗಳಿಗೆ ಪತ್ರ ಬೇಕಿಲ್ಲ. ಹೃದಯಾಘಾತವಾದರಂತೂ ಕಾರ್ಡು ಹುಡುಕುತ್ತಾ ನಿಲ್ಲಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.

ಕೊನೆಯದಾಗಿ ಯಶಸ್ವಿನಿ. 2018ರ ಮಳೆಗಾಲದ ಆರಂಭದಲ್ಲಿ ಹಾಲಿನ ಸಂಘದ ಸದಸ್ಯರೊಬ್ಬರು ಹೆಂಡತಿಯ ಗರ್ಭಕೋಶದ ಶಸ್ತ್ರಚಿಕಿತ್ಸೆಗೆಂದು ನನ್ನ ಕೌಂಟರಿಗೆ ಬಂದಿದ್ದರು. ಯಶಸ್ವಿನಿ ಕಾರ್ಡನ್ನು ಯೂರಿಯಾ ಚೀಲದ ಒಳಪದರದಿಂದ ಕತ್ತರಿಸಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಾರ ಕಟ್ಟಿ ತಂದಿದ್ದರು. ದಾರ ಬಿಚ್ಚಲು ಅವರಿಗೆ ಎರಡು ನಿಮಿಷ ಬೇಕಾಯಿತು. 2003ರಿಂದ ನಡೆದಿದ್ದ ಯೋಜನೆ ಆಗಷ್ಟೇ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿತ್ತು. ಅವರದು ಎಪಿಎಲ್ ಕಾರ್ಡು, ಶೇಕಡಾ 70 ಅವರೇ ಕಟ್ಟಬೇಕು. ‘ಸೊಸೈಟಿಯಲ್ಲಿ ಯಾರೂ ಹೇಳಲಿಲ್ಲವಲ್ಲ ಸಾರ್’ ಎಂದರು. ಮತ್ತೆ ಅದೇ ದಾರವನ್ನು ಕಟ್ಟಿಕೊಂಡು ಹೋದರು. ಯಶಸ್ವಿನಿ ಮರಳಿ ಬಂದದ್ದು 2022ರ ಕೊನೆಗೆ, ಚಿಕಿತ್ಸೆ ಶುರುವಾದದ್ದು 2023ರ ಜನವರಿಯಿಂದ.

ಅದಕ್ಕೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ಬಿಪಿಎಲ್ ಇದ್ದರೂ ಮಾಡಿಸಿ. ಯಶಸ್ವಿನಿ ನಿಂತಿರುವುದು ಸಹಕಾರ ಸಂಘದ ಸದಸ್ಯತ್ವದ ಮೇಲೆ, ಪಡಿತರ ಚೀಟಿಯ ಮೇಲಲ್ಲ. ಒಂದು ಬೇಲಿ ಬಿದ್ದರೆ ಇನ್ನೊಂದು ಇರುತ್ತದೆ. ಯೋಜನೆ ಮರಳಿ ಬಂದಾಗ ಗ್ರಾಮೀಣ ಕುಟುಂಬಕ್ಕೆ ನಾಲ್ವರವರೆಗೆ ವರ್ಷಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100 ಎಂದು ಗೊತ್ತುಮಾಡಿದರು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ, ಅವರು ಮಾಡಿಸದೆ ಬಿಡಲು ಕಾರಣವೇ ಇಲ್ಲ. ಉಳಿದವರಲ್ಲಿ ಜಮೀನು ಮಿತಿಯ ಅಂಚಿನಲ್ಲಿರುವ, ಮಗ ವಾಹನ ಸಾಲ ಮಾಡಿರುವ ಮನೆಗಳು ಮೊದಲು ಮಾಡಿಸಲಿ. ಆದರೆ ಇದರ ಚಿಕಿತ್ಸಾ ಪಟ್ಟಿ ಬೇರೆ, ಆಸ್ಪತ್ರೆಗಳ ಪಟ್ಟಿಯೂ ಬೇರೆ. ನೋಂದಣಿ ವರ್ಷಕ್ಕೊಮ್ಮೆ ತೆರೆದು ಮುಚ್ಚುತ್ತದೆ. ಆಗ ಓಡಿಹೋಗಿ ಸಂಘದ ಸದಸ್ಯರಾಗುತ್ತೇನೆ ಎಂದರೆ ತಡವಾಗಬಹುದು, ಹಾಲಿನ ಸಂಘಕ್ಕೋ ಕೃಷಿ ಪತ್ತಿನ ಸಂಘಕ್ಕೋ ಈಗಲೇ ಸೇರಿಸಿ. ಸಹಕಾರಿ ಸಂಸ್ಥೆಯೊಡನೆ ವ್ಯವಹಾರವಿರುವ ಸ್ವಸಹಾಯ ಗುಂಪಿನವರಿಗೂ ಅವಕಾಶವಿದೆ. ನಿಮ್ಮ ಗುಂಪುಗಳ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಮಕ್ಕಳಿರುವ ಮನೆಗಳಲ್ಲಿ ಸಂಬಳದ ಚೀಟಿ ತರಿಸಿ ನೋಡಿ. ಅದರಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಎಂದು ಶೇಕಡಾ 0.75 ಕಡಿತವಾಗುತ್ತಿದ್ದರೆ ಆ ಮಗಳ ಕಾರ್ಡಿಗೆ ಊರಿನ ಅಪ್ಪ ಅಮ್ಮನನ್ನೂ ಸೇರಿಸಬಹುದು, ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮೀರಬಾರದು. ತಂದೆ ತಾಯಿಯ ಹೆಸರು ಸೇರಿಸದೆ ವರ್ಷಗಟ್ಟಲೆ ದುಡ್ಡು ಕಡಿಸಿಕೊಂಡ ಹುಡುಗಿಯರು ಎಷ್ಟೋ ಜನ.

ತಹಶೀಲ್ದಾರರ ಕಚೇರಿಗೆ ಹೋಗುವಾಗ ಆ ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ಯಬೇಡಿ, ಕೀಮೋದ ನಡುವೆ ಜನಜಂಗುಳಿ ಒಳ್ಳೆಯದಲ್ಲ, ಸೋಂಕು ತಗುಲಿದರೆ ಸುತ್ತು ಇನ್ನಷ್ಟು ಮುಂದೆ ಹೋಗುತ್ತದೆ. ನಿಮ್ಮ ಜೊತೆ ಮಗ ಬರಲಿ. ರಿಟರ್ನ್ ಅವನ ಹೆಸರಿನಲ್ಲಿದೆ, ಕೇಳುವ ಪ್ರಶ್ನೆಗೆ ಅವನೇ ಉತ್ತರ ಹೇಳಬೇಕು. ಆಟೊ ಒಂದು ದಿನ ನಿಲ್ಲಲಿ.